ಅಳತೆ ಕ್ಯಾಮೆರಾ

‘ಲೆನ್ಸ್ ಸರಿ ಇಲ್ಲ’ ಎಂದು ನನ್ನ ಅಂಗಡಿಗೆ ಬರುವವರಲ್ಲಿ ನೂರಕ್ಕೆ ಎಪ್ಪತ್ತು ಜನರ ಲೆನ್ಸ್ ಸರಿಯಾಗಿಯೇ ಇರುತ್ತದೆ. ಇಪ್ಪತ್ತೆಂಟು ವರ್ಷದಿಂದ ನಾನು ಹೇಳಿಕೊಂಡು ಬಂದ ಮಾತು ಇದು. ಗಿರಾಕಿ ಫೋನಿನಲ್ಲಿ ಒಂದು ಮಸುಕು ಫೋಟೋ ತೋರಿಸುತ್ತಾನೆ, ನಾನು ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಅನ್ನುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಮುಖ ಊದಿಸಿಕೊಳ್ಳುತ್ತಾರೆ. ನನ್ನ ನಾಲಿಗೆ ಉದ್ದ ಎಂಬುದು ಎಲ್ಲರಿಗೂ ಗೊತ್ತು. ಕೆಲಸ ಚೆನ್ನಾಗಿರುವುದರಿಂದ ಸಹಿಸಿಕೊಳ್ಳುತ್ತಾರೆ.

ಈಗ ಹೇಳಹೊರಟಿರುವುದು ನಾನು ಮಾಡಿದ ಒಂದು ತಪ್ಪಿನ ವಿಷಯ. ಬರೀ ತಪ್ಪಾಗಿದ್ದರೆ ಹೇಳುತ್ತಲೇ ಇರಲಿಲ್ಲ. ತಪ್ಪು ಯಾರು ಮಾಡುವುದಿಲ್ಲ? ತಪ್ಪು ಗೊತ್ತಾದ ಮೇಲೂ ಬಾಯಿಗೆ ಬೀಗ ಹಾಕಿಕೊಂಡು ಇಪ್ಪತ್ತೆರಡು ದಿನ ಹೊತ್ತುಹೊತ್ತಿಗೆ ಉಂಡೆನಲ್ಲ, ಅದನ್ನು ಹೇಳಬೇಕು. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಕ್ಯಾಮೆರಾ ತಾನಾಗಿಯೇ ಫೋಕಸ್ ಹಿಡಿಯುತ್ತದೆ. ನೀವು ಮಗುವಿನ ಕಣ್ಣಿಗೆ ಗುರಿಯಿಟ್ಟರೆ ಕಣ್ಣೇ ಸ್ಪಷ್ಟವಾಗಿ ಬರಬೇಕು. ಕೆಲವು ಲೆನ್ಸ್‌ಗಳು ಒಂದಿಷ್ಟು ಮುಂದೆ ಹಿಡಿಯುತ್ತವೆ; ಆಗ ಮೂಗು ಸ್ಪಷ್ಟ, ಕಣ್ಣು ಮಸುಕು. ಕೆಲವು ಹಿಂದೆ ಹಿಡಿಯುತ್ತವೆ. ಆಗ ಕಿವಿ ಸ್ಪಷ್ಟ. ಅದನ್ನು ತಿದ್ದುವುದು ನನ್ನ ಕಸುಬು. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಗುರಿಹಲಗೆ ಇದೆ, ಅದರ ಪಕ್ಕದಲ್ಲಿ ಓರೆಯಾಗಿ ನಿಲ್ಲಿಸಿದ ಅಳತೆಪಟ್ಟಿ ಇದೆ, ಎದುರಿಗೆ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ ಸ್ಟ್ಯಾಂಡ್, ಅದರ ಮೇಲೊಂದು ಕ್ಯಾಮೆರಾ. ಲೆನ್ಸನ್ನು ಆ ಕ್ಯಾಮೆರಾಕ್ಕೆ ಹಾಕಿ ಹಲಗೆಗೆ ಗುರಿಯಿಟ್ಟು ಫೋಟೋ ತೆಗೆಯುತ್ತೇನೆ. ಪಟ್ಟಿಯ ಸೊನ್ನೆ ಗೆರೆ ಸ್ಪಷ್ಟವಾಗಿದ್ದರೆ ಲೆನ್ಸ್ ಸರಿ. ಇಲ್ಲದಿದ್ದರೆ ಕಂಪ್ಯೂಟರಿಗೆ ಜೋಡಿಸಿ ತಿದ್ದುವುದು, ಮತ್ತೆ ಫೋಟೋ, ಮತ್ತೆ ತಿದ್ದುವುದು.

ಆ ಕ್ಯಾಮೆರಾವನ್ನು ನಾನು ಅಳತೆ ಕ್ಯಾಮೆರಾ ಎಂದು ಕರೆಯುತ್ತೇನೆ. ಅದರಲ್ಲಿ ಯಾರ ಮುಖವನ್ನೂ ತೆಗೆಯುವಂತಿಲ್ಲ. ಅದರೊಳಗಿನ ತಿದ್ದುಪಡಿ ಯಾವಾಗಲೂ ಸೊನ್ನೆಯಲ್ಲೇ ಇರಬೇಕು. ತಕ್ಕಡಿಯೇ ಕೆಟ್ಟರೆ ತೂಗಿದ್ದೆಲ್ಲ ಸುಳ್ಳಾಗುತ್ತದಲ್ಲ, ಹಾಗೆ. ‘ಅಳತೆ ಕ್ಯಾಮೆರಾ ಹೊರಗೆ ಹೋಗಕೂಡದು’ ಎಂದು ಕೆಂಪು ಶಾಯಿಯಲ್ಲಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ಅಂಗಡಿಯಲ್ಲಿ ಕೆಲಸ ಮಾಡುವವನು ನಾನೊಬ್ಬನೇ. ಯಾರು ಓದಲಿ ಎಂದು ಬರೆದೆನೋ ದೇವರೇ ಬಲ್ಲ.

ಅದನ್ನು ಹೊರಗೆ ಒಯ್ದವನೂ ನಾನೇ. ಮಗಳ ಪದವಿ ಪ್ರದಾನದ ದಿನ ಮನೆಯ ಕ್ಯಾಮೆರಾ ಕೈಕೊಟ್ಟಿತು. ಒಂದೇ ದಿನ ತಾನೆ ಎಂದು ಸ್ಟ್ಯಾಂಡಿನಿಂದ ಬಿಚ್ಚಿಕೊಂಡು ಬಂದೆ. ಮನೆಯಲ್ಲಿದ್ದ ಹಳೆಯ ಲೆನ್ಸ್ ಹತ್ತು ವರ್ಷದಿಂದ ಮುಂದಕ್ಕೆ ಹಿಡಿಯುತ್ತಿತ್ತು. ಕಂಡವರ ಲೆನ್ಸನ್ನೆಲ್ಲ ತಿದ್ದುವವನಿಗೆ ತನ್ನ ಮನೆಯದನ್ನು ತಿದ್ದಲು ಪುರುಸೊತ್ತಿಲ್ಲ. ದೀಪದ ಬುಡದಲ್ಲಿ ಕತ್ತಲೆ. ಅದಕ್ಕೆ ಕ್ಯಾಮೆರಾದ ಮೆನುವಿನಲ್ಲಿ ಒಂಬತ್ತು ಹೆಜ್ಜೆ ಹಿಂದಕ್ಕೆ ಎಂದು ತಿದ್ದುಪಡಿ ಹಾಕಿದೆ. ಅಲ್ಲಿ ಎರಡು ಆಯ್ಕೆ ಇರುತ್ತವೆ, ‘ಈ ಲೆನ್ಸ್‌ಗೆ ಮಾತ್ರ’ ಮತ್ತು ‘ಎಲ್ಲ ಲೆನ್ಸ್‌ಗಳಿಗೂ’. ಹೆಂಡತಿ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ‘ಏನ್ರೀ, ಎಲ್ಲಾ ಮುಗಿದ ಮೇಲೆ ಹೋಗಿ ಕುರ್ಚಿ ಎತ್ತಿಡೋಣ್ವಾ?’ ಎಂದು ಕೂಗುತ್ತಿದ್ದಳು. ಗಡಿಬಿಡಿಯಲ್ಲಿ ಬೆರಳು ಎರಡನೆಯದನ್ನು ಒತ್ತಿತು. ಸೋಮವಾರ ಕ್ಯಾಮೆರಾವನ್ನು ಒರೆಸಿ ಮತ್ತೆ ಸ್ಟ್ಯಾಂಡಿಗೆ ಹಾಕಿದೆ. ಒಂಬತ್ತು ಒಳಗೇ ಉಳಿದುಬಿಟ್ಟಿತು.

ಅದಾದ ಮೇಲೆ ಆ ಸ್ಟ್ಯಾಂಡಿಗೆ ಬಂದ ಮೊದಲ ಲೆನ್ಸ್ ನನ್ನ ತಂಗಿಯದು.

ತಂಗಿ ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಅವಳ ಕೈಗೆ ಮೊದಲು ಕ್ಯಾಮೆರಾ ಕೊಟ್ಟವನು ನಾನು. ಛತ್ರಿಯವರ ಸ್ಟುಡಿಯೋದಲ್ಲಿ ಫೋಟೋಗ್ರಾಫರ್ ಆಗಿದ್ದಳು. ಛತ್ರಿ ಎಂದರೆ ನೀವು ಅಂದುಕೊಳ್ಳುವಂಥ ಛತ್ರಿ ಅಲ್ಲ. ಪಾಪ, ಸಾಧು ಮನುಷ್ಯ. ಲೈಟಿಗೆ ಕಟ್ಟುವ ಬಿಳಿ ಛತ್ರಿಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡಾಡುವುದರಿಂದ ಬಂದ ಹೆಸರು. ಅಲ್ಲಿಗೆ ಹಸುಗೂಸುಗಳ ಫೋಟೋ ತೆಗೆಸಲು ಬರುವವರೇ ಹೆಚ್ಚು, ಅದರಲ್ಲಿ ತಂಗಿಯದು ಎತ್ತಿದ ಕೈ. ಕಿರುಚುವ ಮಗುವಿನ ಎದುರು ನೆಲಕ್ಕೆ ಹೊಟ್ಟೆ ಊರಿ ಮಲಗಿಬಿಡುತ್ತಾಳೆ. ಅರ್ಧ ಗಂಟೆಯಾದರೂ ಸರಿ, ಮುಕ್ಕಾಲು ಗಂಟೆಯಾದರೂ ಸರಿ. ಮಗು ಸುಸ್ತಾಗಿ ‘ಯಾರಪ್ಪ ಇವಳು’ ಎಂದು ನೋಡುತ್ತದಲ್ಲ, ಆಗ ಬಟನ್ ಒತ್ತುತ್ತಾಳೆ. ಹಾಗೆ ತೆಗೆದ ಕಣ್ಣುಗಳನ್ನು ನಾನು ಬೇರೆ ಯಾರ ಫೋಟೋದಲ್ಲೂ ನೋಡಿಲ್ಲ. ಇದನ್ನು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ.

ಅವಳ ಲೆನ್ಸಿಗೆ ಏನೂ ಆಗಿರಲಿಲ್ಲ. ‘ಎರಡು ವರ್ಷ ಆಯ್ತು ಅಣ್ಣ, ಒಂದ್ಸಲ ನೋಡಿಬಿಡು’ ಎಂದು ಕೊಟ್ಟು ಹೋದಳು. ನೋಡಿದೆ. ಪಟ್ಟಿಯ ಮೇಲೆ ಸೊನ್ನೆಯ ಬದಲು ಹಿಂದಿನ ಗೆರೆ ಸ್ಪಷ್ಟವಾಗಿ ಕಂಡಿತು; ಲೆನ್ಸನ್ನು ಅಷ್ಟೇ ಮುಂದಕ್ಕೆ ತಿದ್ದಿದೆ. ಸಂಜೆ ಬಂದಾಗ ‘ಇಷ್ಟು ಹಿಂದಕ್ಕೆ ಹೋಗಿತ್ತಲ್ಲ, ಇದರಲ್ಲಿ ಅದೇನು ಫೋಟೋ ತೆಗೀತಿದ್ದೆ ಪುಣ್ಯಾತ್ಗಿತ್ತಿ?’ ಎಂದು ಬೈದೆ. ಸರಿಯಿದ್ದ ಲೆನ್ಸನ್ನು ಕೈಯಾರೆ ಕೆಡಿಸಿ, ಒರೆಸಿ, ಚೀಲಕ್ಕೆ ಹಾಕಿ ಕೊಟ್ಟೆ. ಅವಳು ಥ್ಯಾಂಕ್ಸ್ ಬೇರೆ ಹೇಳಿದಳು.

ವಾರ ಕಳೆದು ಬಂದಳು. ಕಣ್ಣು ಸರಿಯಾಗಿ ಬರುತ್ತಿಲ್ಲ ಎಂದಳು. ಅಳತೆ ಕ್ಯಾಮೆರಾಕ್ಕೆ ಹಾಕಿ ನೋಡಿ, ಎಲ್ಲ ಸರಿ ಇದೆ ಎಂದು ಕಳಿಸಿದೆ. ಇನ್ನೊಂದು ವಾರಕ್ಕೆ ಮತ್ತೆ ಬಂದಳು, ಈ ಸಲ ಛತ್ರಿಯೂ ಜೊತೆಗಿದ್ದರು. ಅಂಗಡಿಯಲ್ಲಿ ಇನ್ನಿಬ್ಬರು ಫೋಟೋಗ್ರಾಫರುಗಳು ಕೂತು ಟೀ ಕುಡಿಯುತ್ತಿದ್ದರು.

‘ಅಣ್ಣ, ಇನ್ನೂ ಹಾಗೇ ಇದೆ. ಮೂಗು ಚೆನ್ನಾಗಿ ಬರುತ್ತೆ, ಕಣ್ಣು ಬರಲ್ಲ. ಮೂರು ಮನೆಯವರು ಫೋಟೋ ಬೇಡ ಅಂತ ವಾಪಸ್ ಕೊಟ್ರು. ನನ್ನ ಕ್ಯಾಮೆರಾನೂ ತಂದಿದೀನಿ, ಎರಡೂ ಸೇರಿಸಿ ನೋಡ್ತೀಯಾ?’

ದೂರು ಮತ್ತೆ ಬಂದರೆ ಗಿರಾಕಿಯ ಕ್ಯಾಮೆರಾದ ಜೊತೆ ಸೇರಿಸಿಯೇ ಲೆನ್ಸನ್ನು ನೋಡಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ನನಗೆ ಪಾಠ ಹೇಳಲು ಬಂದಳಾ ಎಂದು ಪಿತ್ತ ನೆತ್ತಿಗೇರಿತು. ಅವಳ ಕ್ಯಾಮೆರಾವನ್ನು ಮುಟ್ಟಲೇ ಇಲ್ಲ. ಲೆನ್ಸನ್ನು ಅಳತೆ ಕ್ಯಾಮೆರಾಕ್ಕೆ ಹಾಕಿ, ಫೋಟೋ ತೆಗೆದು, ಕಂಪ್ಯೂಟರಿನ ಪರದೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದೆ. ಸೊನ್ನೆ ಗೆರೆ ಎಣ್ಣೆ ಹಚ್ಚಿ ತಿಕ್ಕಿದಂತೆ ಹೊಳೆಯುತ್ತಿತ್ತು.

‘ನೋಡಮ್ಮ. ನೀವೂ ನೋಡ್ರಪ್ಪ. ಲೆನ್ಸ್‌ದು ಏನಾದ್ರೂ ತಪ್ಪಿದೆಯಾ?’

‘ಇಲ್ಲಿ ಸರಿಯಾಗೇ ಬರ್ತಿದೆ. ಆದ್ರೆ ನಾನು ಸ್ಟ್ಯಾಂಡ್ ಮೇಲಿಟ್ಟು ತೆಗೆದ್ರೂ...’

‘ಸ್ಟ್ಯಾಂಡ್ ಮೇಲಿಟ್ರೂ ಬಟನ್ ಒತ್ತೋ ಕೈ ನಿಂದೇ ತಾನೆ?’

ಛತ್ರಿ ಮೆಲ್ಲಗೆ ‘ಸಾರ್, ಫೋಟೋ ಒಂದ್ಸಲ ನೋಡಿಬಿಡಿ’ ಎಂದರು. ತಂಗಿ ಒಂದು ಮಗುವಿನ ಫೋಟೋ ಚಾಚಿದಳು. ನಾನು ಅದನ್ನು ಕೈಯಲ್ಲಿ ಹಿಡಿದೆ, ನೋಡಲಿಲ್ಲ. ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಕೈ ನಡುಗಿದರೆ ಮೂಗು, ಕಣ್ಣು, ಕಿವಿ ಎಲ್ಲವೂ ಒಟ್ಟಿಗೆ ಅಳಿಸಿದಂತಾಗುತ್ತದೆ. ಮೂಗು ನೆಟ್ಟಗಿದ್ದು ಕಣ್ಣು ಮಾತ್ರ ಹೋದರೆ ಅದು ಕೈಯ ದೋಷವಲ್ಲ ಎಂಬುದು ನಿನ್ನೆ ಕ್ಯಾಮೆರಾ ಕೊಂಡವನಿಗೂ ಗೊತ್ತು. ನಾನು ನೋಡದೆ ತಿರುಗಿಸಿ ಕೊಟ್ಟು, ಹೇಳಬಾರದ ಮಾತು ಹೇಳಿದೆ.

‘ಅಪ್ಪನಿಗೂ ಹೀಗೇ ಶುರುವಾಗಿದ್ದು. ಅಪ್ಪನ ಕೈ ನಿನಗೆ ಬಂದಿದೆ. ಲೆನ್ಸ್ ಮೇಲೆ ಹಾಕ್ಬೇಡ, ಒಪ್ಕೋ.’

ನಮ್ಮಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ನಲವತ್ತಾರನೇ ವಯಸ್ಸಿಗೆ ಅವರ ಕೈ ನಡುಗಲು ಶುರುವಾಯಿತು. ಮೊದಲು ಸಣ್ಣ ಸ್ಕ್ರೂ ಜಾರಿತು, ಆಮೇಲೆ ದೊಡ್ಡದು, ಆಮೇಲೆ ಟೀ ಲೋಟ. ಕೊನೆಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಮುಚ್ಚಿದ ಅಂಗಡಿಯ ಮುಂದೆ ಕೂತಿರುತ್ತಿದ್ದರು. ನಾನು ಆಗಲೇ ಕೆಲಸಕ್ಕೆ ಹೋಗುತ್ತಿದ್ದೆ. ದಿನಾ ಬೆಳಿಗ್ಗೆ ಅವರ ಅಂಗಿಯ ಗುಂಡಿ ಹಾಕುತ್ತಿದ್ದವಳು ತಂಗಿ. ಆಗ ಅವಳಿಗೆ ಒಂಬತ್ತೋ ಹತ್ತೋ ವರ್ಷ. ಅಂಥವಳಿಗೆ ನಾನು ಆ ಮಾತು ಹೇಳಿದೆ.

ಅವಳು ತನ್ನ ಕೈ ನೋಡಿಕೊಂಡಳು. ಛತ್ರಿಯೂ ಅವಳ ಕೈ ನೋಡಿದರು, ಟೀ ಕುಡಿಯುತ್ತಿದ್ದ ಇಬ್ಬರೂ ನೋಡಿದರು. ಆಡಿದ ಮಾತು ಒಡೆದ ಮುತ್ತು ಅನ್ನುತ್ತಾರೆ. ನನಗೆ ಆಗ ಒಡೆದ ಸದ್ದೂ ಕೇಳಿಸಲಿಲ್ಲ. ಗೆದ್ದೆ ಅಂದುಕೊಂಡು ಟೀ ತರಿಸಿದೆ.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ತಂಗಿ ನರದ ಡಾಕ್ಟರ ಬಳಿಗೆ ಹೋದಳು. ಡಾಕ್ಟರು ಪರೀಕ್ಷೆ ಮಾಡಿ ಸದ್ಯಕ್ಕೆ ಏನೂ ಕಾಣುತ್ತಿಲ್ಲ ಎಂದರಂತೆ. ‘ಶುರುವಿನಲ್ಲಿ ಕಾಣಿಸಲ್ವಂತೆ ಅಣ್ಣ, ನೋಡ್ತಾ ಇರ್ಬೇಕಂತೆ’ ಎಂದು ಫೋನಿನಲ್ಲಿ ಹೇಳಿದಳು. ಛತ್ರಿ ಕೂಸುಗಳ ಫೋಟೋ ತೆಗೆಯಲು ಬೇರೊಬ್ಬರನ್ನು ಕರೆಸಿ, ತಂಗಿಯನ್ನು ಕೌಂಟರಿನಲ್ಲಿ ಕೂರಿಸಿದರು. ಬೈಯಲಿಲ್ಲ, ಬಿಡಿಸಲಿಲ್ಲ. ‘ಸ್ವಲ್ಪ ದಿನ ರೆಸ್ಟ್ ತಗೊಳಮ್ಮ’ ಎಂದರಂತೆ.

ಹೀಗಿರುವಾಗ ಒಂದು ಬೆಳಿಗ್ಗೆ ಹಕ್ಕಿ ಮೇಷ್ಟ್ರು ಬಂದರು. ನಿವೃತ್ತ ವಿಜ್ಞಾನದ ಮೇಷ್ಟ್ರು, ಈಗ ಮರಮರದ ಕೆಳಗೆ ನಿಂತು ಹಕ್ಕಿಗಳ ಫೋಟೋ ತೆಗೆಯುವುದೇ ಕೆಲಸ. ಎರಡು ವಾರದ ಹಿಂದೆ ಅವರ ಲೆನ್ಸನ್ನೂ ನಾನು ತಿದ್ದಿ ಕೊಟ್ಟಿದ್ದೆ. ಈಗ ಒಂದು ದೊಡ್ಡ ಫೋಟೋ ಪ್ರಿಂಟ್ ಮಾಡಿಸಿಕೊಂಡು ಬಂದಿದ್ದರು. ಹಕ್ಕಿಯದಲ್ಲ. ಊಟದ ಮೇಜಿನ ಮೇಲೆ ಮೂರು ಬ್ಯಾಟರಿ ಸೆಲ್‌ಗಳನ್ನು ಒಂದರ ಹಿಂದೊಂದು, ಸ್ವಲ್ಪ ಸ್ವಲ್ಪ ಪಕ್ಕಕ್ಕೆ ಸರಿಸಿ ನಿಲ್ಲಿಸಿದ್ದ ಫೋಟೋ.

‘ನಡುವಿನ ಸೆಲ್‌ಗೆ ಗುರಿ ಇಟ್ಟಿದ್ದು. ಮುಂದಿನದರ ಅಕ್ಷರ ಓದೋಕೆ ಬರುತ್ತೆ, ನಡುವಿನದು ಬರಲ್ಲ. ಹನ್ನೆರಡು ಸಲ ತೆಗೆದೆ, ಹನ್ನೆರಡು ಸಲವೂ ಹಾಗೇ.’

‘ಮೇಷ್ಟ್ರೇ, ಊಟದ ಮೇಜಿನ ಮೇಲೆ ಮಾಡೋ ಕೆಲಸಾನಾ ಇದು? ನಾನು ಇಲ್ಲಿ ನೆಲಕ್ಕೆ ಬೋಲ್ಟ್ ಹಾಕ್ಕೊಂಡು ಕೂತಿರೋದು ಯಾಕೆ ಮತ್ತೆ? ಕುಣಿಯಲಾರದವಳು...’

‘ಗೊತ್ತು, ಗೊತ್ತು,’ ಎಂದು ಅವರು ಕೈ ಎತ್ತಿದರು. ಕ್ಲಾಸಿನಲ್ಲಿ ಗಲಾಟೆ ಮಾಡುವವನನ್ನು ಸುಮ್ಮನಿರಿಸುವ ಕೈ ಅದು. ‘ಒಂದೇ ಪ್ರಶ್ನೆ. ನಿಮ್ಮ ಕ್ಯಾಮೆರಾ ಸರಿಯಾಗಿದೆ ಅಂತ ನೀವು ಕೊನೇ ಸಲ ಯಾವಾಗ ನೋಡಿದ್ರಿ?’

‘ನನ್ನ ಕ್ಯಾಮೆರಾನಾ! ಬನ್ನಿ, ತೋರಿಸ್ತೀನಿ. ಸೊನ್ನೆ ಅಂದ್ರೆ ಸೊನ್ನೆ.’

ದರ್ಪದಿಂದ ಮೆನು ತೆರೆದೆ. ನನ್ನ ಪುಣ್ಯವೋ ಪಾಪವೋ, ಪರದೆ ಮೊದಲು ನನ್ನ ಕಡೆಗಿತ್ತು. ಎಲ್ಲ ಲೆನ್ಸ್‌ಗಳಿಗೂ: ಒಂಬತ್ತು.

ಈ ಸಲ ನೆಲವೇ ಡೊಂಕಾಗಿತ್ತು, ಡೊಂಕು ಮಾಡಿದವನು ನಾನು. ಹೆಬ್ಬೆರಳು ತಾನಾಗಿಯೇ ಮೆನು ಮುಚ್ಚಿತು. ‘ಲೆನ್ಸ್ ಒಳಗೆ ಧೂಳು ಸೇರಿರಬಹುದು ಮೇಷ್ಟ್ರೇ, ಬಿಟ್ಟು ಹೋಗಿ, ಸಂಜೆ ಕೊಡ್ತೀನಿ’ ಎಂದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತೆ. ಮಗಳ ಪದವಿಯ ದಿನ, ಚಪ್ಪಲಿ ಮೆಟ್ಟಿ ನಿಂತಿದ್ದ ಹೆಂಡತಿ, ಎರಡನೆಯ ಆಯ್ಕೆ, ಎಲ್ಲವೂ ಒಂದೊಂದಾಗಿ ನೆನಪಿಗೆ ಬಂತು. ಕೊನೆಗೆ ತಂಗಿ ತನ್ನ ಕೈ ನೋಡಿಕೊಂಡದ್ದು ಬಂತು. ಥೂ ನನ್ನ ಜನ್ಮಕ್ಕಿಷ್ಟು ಎಂದು ಬಾಯಿಬಿಟ್ಟು ಹೇಳಿಕೊಂಡೆ. ಆಗಲೇ ಎದ್ದು ಅವಳ ಸ್ಟುಡಿಯೋಗೆ ನಡೆದಿದ್ದರೆ ಹತ್ತು ನಿಮಿಷದ ದಾರಿ.

ನಡೆಯಲಿಲ್ಲ. ಒಂಬತ್ತನ್ನು ಸೊನ್ನೆ ಮಾಡಿದೆ. ಆ ಅವಧಿಯಲ್ಲಿ ಕೊಟ್ಟಿದ್ದ ಹನ್ನೊಂದು ಲೆನ್ಸ್‌ಗಳ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಫೋನ್ ಮಾಡಿ ‘ಪುಕ್ಕಟೆ ಧೂಳು ತೆಗೆದು ಕೊಡ್ತಿದೀನಿ, ತನ್ನಿ’ ಎಂದು ಕರೆಸಿದೆ. ಹತ್ತು ಬಂದವು. ಹತ್ತನ್ನೂ ಕದ್ದು ಸರಿಮಾಡಿದೆ. ಒಬ್ಬ ಗಿರಾಕಿ ನಗುತ್ತ ‘ಏನ್ ಸಾರ್, ನೀವು ಪುಕ್ಕಟೆ ಕೆಲಸ ಮಾಡೋದಾ? ಏನ್ ವಿಷ್ಯ?’ ಎಂದ. ‘ನನ್ನ ಕೆಲಸದಲ್ಲಿ ತಪ್ಪಾಗಿದೆ ಅಂತ ಯಾರು ಹೇಳಿದ್ದು ನಿನಗೆ?’ ಎಂದು ಅವನ ಮೇಲೆ ಹರಿಹಾಯ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಬಾರದೆ ಉಳಿದ ಹನ್ನೊಂದನೆಯದು ತಂಗಿಯದು. ಅವಳಿಗೂ ಅದೇ ಧೂಳಿನ ಕಥೆ ಹೇಳಿದೆ. ಗುಟ್ಟಾಗಿ ಲೆನ್ಸ್ ಸರಿಮಾಡಿಬಿಟ್ಟರೆ ಫೋಟೋ ತಾನಾಗಿ ಚೆನ್ನಾಗಿ ಬರುತ್ತದೆ, ಕೈ ವಾಸಿಯಾಯಿತು ಅಂದುಕೊಳ್ಳುತ್ತಾಳೆ, ಹಾವೂ ಸಾಯುತ್ತದೆ ಕೋಲೂ ಮುರಿಯುವುದಿಲ್ಲ ಎಂಬುದು ನನ್ನ ಲೆಕ್ಕ.

‘ಬೇಡ ಬಿಡಣ್ಣ,’ ಎಂದಳು. ‘ಲೆನ್ಸ್‌ದೇನೂ ತಪ್ಪಿಲ್ಲ ಅಂತ ನೀನೇ ತೋರಿಸಿದೆಯಲ್ಲ. ನಾನು ಈಗ ಕ್ಯಾಮೆರಾ ಮುಟ್ತಾ ಇಲ್ಲ.’

ಅಲ್ಲಾದರೂ ಹೇಳಬಹುದಿತ್ತು. ಒಂಬತ್ತನೆಯ ದಿನ ಅವಳೇ ಫೋನ್ ಮಾಡಿದಳು. ಕೌಂಟರಿನಲ್ಲಿ ಕೂತು ಬೇರೆಯವರು ಕೂಸುಗಳ ಫೋಟೋ ತೆಗೆಯುವುದನ್ನು ನೋಡಲಾಗುತ್ತಿಲ್ಲ, ಪರಿಚಯದವರ ಔಷಧಿ ಅಂಗಡಿಯಲ್ಲಿ ಬಿಲ್ ಬರೆಯುವ ಕೆಲಸ ಖಾಲಿ ಇದೆ, ಸ್ಟುಡಿಯೋ ಬಿಟ್ಟುಬಿಡಲೇ ಎಂದು ಕೇಳಿದಳು. ‘ನೀನು ಏನು ಹೇಳ್ತೀಯೋ ಹಾಗೆ ಮಾಡ್ತೀನಿ ಅಣ್ಣ.’ ನಾನು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ‘ನಿನ್ನ ಮನಸ್ಸಿಗೆ ಹೇಗೆ ತೋಚುತ್ತೋ ಹಾಗೆ ಮಾಡು’ ಎಂದೆ. ಮರುದಿನ ಸ್ಟುಡಿಯೋ ಬಿಟ್ಟುಬಿಟ್ಟಳು. ನಾಲ್ಕು ದಿನ ಕಳೆದು ನಮ್ಮನ್ನು ಊಟಕ್ಕೆ ಕರೆದಳು. ಹೋಗಿ ಉಂಡು ಬಂದೆ. ಬಡಿಸುವಾಗ ಅವಳು ಸೌಟನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ನಡುಗುತ್ತಿರಲಿಲ್ಲ, ನಡುಗಿಬಿಟ್ಟೀತು ಎಂಬ ಹೆದರಿಕೆ.

ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ? ಗಿರಾಕಿಗಳು ಹೋಗುತ್ತಾರೆ ಎಂಬ ಭಯ ಅಷ್ಟಿರಲಿಲ್ಲ. ನಾಲ್ಕು ಜನರ ಮುಂದೆ ಪರದೆ ತಿರುಗಿಸಿದ್ದೆನಲ್ಲ, ಅದನ್ನು ಹೇಗೆ ವಾಪಸ್ ತಿರುಗಿಸಲಿ? ಅಪ್ಪನ ಹೆಸರು ಬೇರೆ ಎಳೆದು ತಂದಿದ್ದೆ. ಅಣ್ಣ ತಪ್ಪು ಮಾಡುವುದಿಲ್ಲ ಎಂದು ನಂಬಿ ಬೆಳೆದ ಹುಡುಗಿ ಅವಳು, ಆ ನಂಬಿಕೆಯ ಮೇಲೆ ಕಾಲು ಚಾಚಿ ಕೂತು ನನಗೆ ಅಭ್ಯಾಸವಾಗಿತ್ತು. ನಾಚಿಕೆ ಎನ್ನುವುದು ಒಳ್ಳೆಯ ಗುಣ ಎಂದು ಎಲ್ಲರೂ ಹೇಳುತ್ತಾರೆ. ನನ್ನನ್ನು ಇನ್ನಷ್ಟು ಹೇಡಿಯಾಗಿಸಿದ್ದೂ ಅದೇ.

ಇಪ್ಪತ್ತೆರಡನೆಯ ದಿನ, ಭಾನುವಾರ, ತಿಂಡಿಯ ತಟ್ಟೆಯ ಮುಂದೆ ಹೆಂಡತಿ ಕೇಳಿದಳು. ‘ರೀ, ಡಾಕ್ಟರ್ ಹತ್ರ ಹೋಗೋಣ್ವಾ?’

‘ಯಾಕೆ?’

‘ಮೂರು ವಾರದಿಂದ ನೀವು ಮನೆಯಲ್ಲಿ ಯಾರನ್ನೂ ಬೈದಿಲ್ಲ. ಉಪ್ಪು ಜಾಸ್ತಿಯಾದ್ರೂ ಸುಮ್ನೆ ತಿಂತಿದೀರ. ನನಗೆ ಭಯ ಆಗ್ತಿದೆ.’

ಹೇಳಿಬಿಟ್ಟೆ. ಒಂಬತ್ತು, ಹನ್ನೊಂದು ಲೆನ್ಸ್, ಧೂಳು, ಎಲ್ಲ. ಅವಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಕಿರುಚುತ್ತಾಳೆ ಎಂದುಕೊಂಡೆ, ಕಿರುಚಲಿಲ್ಲ. ‘ಆ ಹುಡುಗಿ ನನ್ನ ಹತ್ರ ಅತ್ತಳು ಕಣ್ರೀ. ಅತ್ತಿಗೆ, ಕೈ ಪೂರ್ತಿ ಹೋಗೋ ಮುಂಚೆ ಹೊಲಿಗೆನಾದ್ರೂ ಕಲೀಲಾ ಅಂತ ಕೇಳಿದ್ಲು. ನೀವು ಪಕ್ಕದ ರೂಮಲ್ಲಿ ಪೇಪರ್ ಓದ್ತಿದ್ರಿ.’ ತಟ್ಟೆಯನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋದಳು. ‘ಅಲ್ಲಿಗೆ ಹೋಗಿ ಬರೋವರೆಗೂ ನನ್ನ ಹತ್ರ ಮಾತಾಡ್ಬೇಡಿ.’

ತಂಗಿಯ ಮನೆ ಮೂರನೆಯ ಮಹಡಿಯಲ್ಲಿ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹದಿನೈದು ದಿನ ರಸ್ತೆಯ ಮೇಲೆ. ಅವಳೊಬ್ಬಳೇ ಇದ್ದಳು. ಮೇಜಿನ ಮೇಲೆ ಒಂದು ನೋಟ್‌ಬುಕ್ ತೆರೆದಿಟ್ಟುಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು, ಪೆನ್ಸಿಲಿನಲ್ಲಿ ಒಂದು ಸುರುಳಿ ಬರೆಯುತ್ತಿದ್ದಳು.

‘ಡಾಕ್ಟರ್ ಹೇಳಿದ್ದು ಅಣ್ಣ. ದಿನಾ ಒಂದು ಸುರುಳಿ ಬರೀಬೇಕು. ನಡುಕ ಶುರುವಾದ್ರೆ ಮೊದಲು ಇದರಲ್ಲಿ ಗೊತ್ತಾಗುತ್ತಂತೆ. ಕೂತ್ಕೋ, ಟೀ ಮಾಡ್ತೀನಿ.’

‘ಟೀ ಬೇಡ. ಮೊದಲು ಕೇಳು.’ ನಿಂತುಕೊಂಡೇ ಹೇಳಿದೆ. ಕೂತರೆ ಮಾತು ಹೊರಡುವುದಿಲ್ಲ ಎಂದು ಗೊತ್ತಿತ್ತು. ‘ನಿನ್ನ ಕೈಗೆ ಏನೂ ಆಗಿಲ್ಲ. ನನ್ನ ಅಳತೆ ಕ್ಯಾಮೆರಾದಲ್ಲಿ ತಪ್ಪಿತ್ತು. ಮನೆಗೆ ತಗೊಂಡು ಹೋದಾಗ ನಾನೇ ಒಂದು ತಿದ್ದುಪಡಿ ಹಾಕಿ ಮರೆತಿದ್ದೆ. ನಿನ್ನ ಲೆನ್ಸ್ ಕೆಡಿಸಿದ್ದು ನಾನು. ಸರಿಯಾಗಿದ್ದ ಲೆನ್ಸ್ ಅದು.’

ಅವಳು ಪೆನ್ಸಿಲ್ ಕೆಳಗಿಟ್ಟಳು. ‘ಅಂದ್ರೆ... ಅಪ್ಪನ...’

‘ಇಲ್ಲ. ಅದೆಲ್ಲ ನನ್ನ ಕೊಬ್ಬಿನ ಮಾತು. ನಿನ್ನ ಕೈ ಸರಿ ಇದೆ.’

ಅವಳು ಕುರ್ಚಿಯಲ್ಲಿ ಕುಸಿದು ಕೂತು ಅತ್ತಳು. ಆಮೇಲೆ ನಕ್ಕಳು, ಮೂಗು ಒರೆಸಿಕೊಂಡು ಮತ್ತೆ ಅತ್ತಳು. ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ‘ಅಯ್ಯೋ ಅಣ್ಣ, ನಾನು ಏನೇನೋ ಅಂದ್ಕೊಂಡಿದ್ದೆ. ಯಾವಾಗ ಗೊತ್ತಾಯ್ತು ನಿನಗೆ?’

‘ನಿನ್ನೆ,’ ಎಂದೆ.

ನಾನು ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಬಾಯಿಂದ ಬಿದ್ದುಹೋಯಿತು. ಅವಳು ಎದ್ದು ಬಂದು ನನ್ನ ತೋಳು ಹಿಡಿದುಕೊಂಡಳು.

‘ಗೊತ್ತಾದ ಮರುದಿನವೇ ಓಡಿ ಬಂದೆಯಲ್ಲ, ಬೇರೆ ಯಾರಾಗಿದ್ರೂ ಮುಚ್ಚಿಡ್ತಿದ್ರು. ತಪ್ಪು ಯಾರಿಗೆ ಆಗಲ್ಲ? ಮುಖ ಸಣ್ಣ ಮಾಡ್ಕೋಬೇಡ. ನನಗೆ ಒಂದು ಚೂರೂ ಬೇಜಾರಿಲ್ಲ.’ ನೋಟ್‌ಬುಕ್ ತೆಗೆದು ನನ್ನ ಕೈಗೆ ಕೊಟ್ಟಳು. ‘ತಗೋ, ನೀನೇ ಹರಿದು ಹಾಕು ಇದನ್ನ.’

ತೆರೆದೆ. ದಿನಕ್ಕೊಂದು ಪುಟ, ಪುಟಕ್ಕೊಂದು ಸುರುಳಿ, ಒಟ್ಟು ಮೂವತ್ತಾರು. ಯಂತ್ರದಲ್ಲಿ ಎಳೆದಂತೆ ನುಣ್ಣಗಿದ್ದವು, ಎಲ್ಲಿಯೂ ಒಂದು ಅಳುಕಿಲ್ಲ. ಪ್ರತಿ ಪುಟದ ಮೂಲೆಯಲ್ಲಿ ತಾರೀಖು ಬರೆದಿದ್ದಳು. ಆ ತಾರೀಖುಗಳ ಮೇಲೆ ಕಣ್ಣು ಬಿದ್ದ ಮೇಲೆ ನನಗೆ ಹರಿಯಲು ಆಗಲಿಲ್ಲ. ಭೂಮಿ ಬಾಯಿಬಿಡಬಾರದೇ ಎಂದು ಜನ ಅನ್ನುವುದು ಇದಕ್ಕೇ ಇರಬೇಕು. ಮೂರನೆಯ ಮಹಡಿಯಲ್ಲಿ ಆ ಭಾಗ್ಯವೂ ಇಲ್ಲ.

‘ನಿನ್ನೆ ಅಲ್ಲ,’ ಎಂದೆ. ‘ಇಪ್ಪತ್ತೆರಡು ದಿನ ಆಯ್ತು.’

ತೋಳಿನ ಮೇಲಿನ ಕೈ ಸಡಿಲವಾಯಿತು. ನೋಟ್‌ಬುಕ್ಕನ್ನು ನನ್ನಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟು ಕೂತಳು. ಕೊನೆಯ ಪುಟದಿಂದ ಹಿಂದಕ್ಕೆ ಒಂದೊಂದೇ ಪುಟ ಮಗುಚತೊಡಗಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಒಂದು ಪುಟದಲ್ಲಿ ನಿಂತಳು.

‘ಇದು ನೀವಿಬ್ಬರೂ ಇಲ್ಲಿ ಊಟ ಮಾಡಿದ ದಿನ.’

ನಾನು ಹೌದೆಂದು ತಲೆ ಆಡಿಸಿದೆ. ಇನ್ನಷ್ಟು ಪುಟ ಮಗುಚಿದಳು.

‘ಇದು ನಾನು ಸ್ಟುಡಿಯೋ ಬಿಟ್ಟ ದಿನ. ಇದು ಹಿಂದಿನ ದಿನ. ಬಿಡಲಾ ಅಂತ ನಿನ್ನ ಕೇಳಿದ್ದೆ.’

‘ಹೂಂ.’

‘ಆಗ ಗೊತ್ತಿತ್ತಾ ನಿನಗೆ?’

‘ಗೊತ್ತಿತ್ತು.’

ಅವಳು ಕೂಗಾಡಿದ್ದರೆ, ಕೈಗೆ ಸಿಕ್ಕಿದ್ದನ್ನು ಎಸೆದಿದ್ದರೆ ನನಗೆ ಉಪಕಾರವಾಗುತ್ತಿತ್ತು. ಅವಳು ಪುಟ ಮಗುಚುತ್ತಲೇ ಹೋದಳು, ಇಪ್ಪತ್ತೆರಡು ಮುಗಿಯುವವರೆಗೆ. ಆಮೇಲೆ ನನ್ನ ಮುಂದೆ ಫೋನ್ ಇಟ್ಟಳು. ‘ಅವತ್ತು ಅಂಗಡಿಯಲ್ಲಿ ಎಲ್ಲರ ಮುಂದೆ ಹೇಳಿದೆ. ಈಗ ನನ್ನ ಮುಂದೆ ಅವರಿಗೆ ಹೇಳು.’

ಛತ್ರಿಗೆ ಫೋನ್ ಮಾಡಿದೆ. ಅವಳು ಸ್ಪೀಕರ್ ಹಾಕಿದಳು. ನಾನು ಹೇಳಿದೆ, ಒಂಬತ್ತನ್ನೂ ಹೇಳಿದೆ, ಇಪ್ಪತ್ತೆರಡನ್ನೂ ಹೇಳಿದೆ.

‘ಸಾರ್,’ ಎಂದರು ಛತ್ರಿ, ‘ಆ ಫೋಟೋಗಳನ್ನ ನಾನೂ ದಿನಾ ನೋಡ್ತಿದ್ದೆ. ಕೈ ನಡುಗಿದ ಹಾಗೆ ನನಗೆ ಕಾಣಿಸ್ಲೇ ಇಲ್ಲ. ನೀವು ಹೇಳಿದ ಮೇಲೆ ನನ್ನ ಕಣ್ಣೇ ಸರಿ ಇಲ್ಲ ಅಂದ್ಕೊಂಡೆ. ಅಷ್ಟು ನಂಬಿದ್ದೆ ಸಾರ್ ನಿಮ್ಮನ್ನ.’ ಆಮೇಲೆ ‘ಅವಳಿಗೆ ನಾಳೆಯಿಂದಲೇ ಬರೋಕೆ ಹೇಳಿ. ಇಲ್ಲಿ ಯಾವ ಮಗುವೂ ನಗ್ತಾ ಇಲ್ಲ’ ಎಂದರು.

ತಂಗಿ ಫೋನ್ ತೆಗೆದುಕೊಂಡು ‘ಬರ್ತೀನಿ ಸಾರ್’ ಎಂದಳು. ಅವಳ ಧ್ವನಿ ಗಟ್ಟಿಯಾಗಿತ್ತು. ನನಗೆ ಹೋದ ಜೀವ ಬಂದಂತಾಯಿತು. ಬೀರುವಿನ ಮೇಲೆ ಅವಳ ಕ್ಯಾಮೆರಾ ಚೀಲ ಕಂಡಿತು, ಕೈ ಚಾಚಿದೆ.

‘ಲೆನ್ಸ್ ಕೊಡು. ಈಗಲೇ ಒಯ್ದು ಒಂದು ಗಂಟೆಯಲ್ಲಿ ಸರಿಮಾಡಿ ತರ್ತೀನಿ. ನಾಳೆ ಬೆಳಿಗ್ಗೆಗೆ ಬೇಕಲ್ಲ.’

ಅವಳು ನನಗಿಂತ ಮುಂಚೆ ಚೀಲ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

‘ಈ ಕೆಲಸ ಇನ್ಯಾರು ಮಾಡ್ತಾರೆ ಅಣ್ಣ?’

ನನಗೆ ಕೇಳಿಸಿತು, ಆದರೂ ‘ಏನು?’ ಎಂದೆ.

‘ಲೆನ್ಸ್ ನೋಡೋರು. ಬೇರೆ ಯಾರಾದ್ರೂ ಇದ್ರೆ ನಂಬರ್ ಕೊಡು.’ ನೋಟ್‌ಬುಕ್ಕಿನಿಂದ ಒಂದು ಖಾಲಿ ಹಾಳೆ ಹರಿದು, ಪೆನ್ಸಿಲ್ ಸಮೇತ ನನ್ನ ಮುಂದೆ ಇಟ್ಟಳು.

ಒಬ್ಬ ಇದ್ದಾನೆ, ಬಸ್ ನಿಲ್ದಾಣದ ಹಿಂದೆ. ನನ್ನ ಬಳಿಯೇ ಎರಡು ವರ್ಷ ಕೆಲಸ ಕಲಿತು, ನನ್ನ ಬಾಯಿ ತಾಳಲಾರದೆ ಬಿಟ್ಟು ಹೋದವನು. ಅವನ ನಂಬರ್ ಬರೆದೆ.

‘ಚೆನ್ನಾಗಿ ಮಾಡ್ತಾರಾ?’

‘ಮಾಡ್ತಾನೆ,’ ಎಂದೆ. ‘ಗಿರಾಕಿ ಕ್ಯಾಮೆರಾ ಇಲ್ಲದೆ ಲೆನ್ಸ್ ಮುಟ್ಟಲ್ಲ ಅವನು.’

‘ಸರಿ.’ ಹಾಳೆಯನ್ನು ಮಡಚಿ ಚೀಲದ ಜೇಬಿಗೆ ಹಾಕಿಕೊಂಡು ಬಾಗಿಲವರೆಗೆ ಬಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಬೇಕೆಂದೇ ಸ್ವಲ್ಪ ನಿಂತೆ. ಎಷ್ಟೇ ಜಗಳವಾಡಿದರೂ ‘ಹೋಗಿ ಬಾ ಅಣ್ಣ’ ಎನ್ನದೆ ಅವಳು ನನ್ನನ್ನು ಯಾವತ್ತೂ ಕಳಿಸಿದವಳಲ್ಲ.

‘ಹೋಗು,’ ಎಂದಳು.